ಬಣ್ಣ ಹಿಡಿಯದ ಕುರ್ಚಿ

ನಾನು ಒಂದು ಕ್ಷೌರದ ಕುರ್ಚಿ. ಈಗ ನನ್ನನ್ನು ನೋಡಿದವರು ಈ ಮಾತು ನಂಬುವುದಿಲ್ಲ. ಮೈತುಂಬ ತಿಳಿನೇರಳೆ ಬಣ್ಣ, ತಲೆದಿಂಬಿಗೆ ಹೂವಿನ ಬಟ್ಟೆಯ ಗವಸು, ಎದುರಿಗೆ ಅದೇ ಬಣ್ಣದ ಚೌಕಟ್ಟಿನ ಕನ್ನಡಿ. ಗದಗಿನ ಹೊಸ ಬಡಾವಣೆಯೊಂದರ ಬ್ಯೂಟಿ ಪಾರ್ಲರಿನಲ್ಲಿ ಹೆಂಗಸರ ನಡುವೆ ಕಾಲ ಕಳೆಯುತ್ತಿದ್ದೇನೆ. ಆದರೆ ನಾನು ಹುಟ್ಟಿದ್ದು ಗಂಡಸರ ಗಡ್ಡಕ್ಕಾಗಿ. ಅದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ನನ್ನನ್ನು ಮಾಡಿದವರು ಬೆಟಗೇರಿಯ ಬಡಿಗೇರ ಮೌನೇಶಪ್ಪ. ಒಳ್ಳೆಯ ಸಾಗವಾನಿ ಮರ ತಂದು, ಹದಿನೈದು ದಿನ ನನ್ನೊಂದಿಗೆ ಗುದ್ದಾಡಿದರು. ತಲೆದಿಂಬು ಮೇಲೆ ಕೆಳಗೆ ಆಗಬೇಕು, ಬೆನ್ನು ಹಿಂದಕ್ಕೆ ವಾಲಬೇಕು, ವಾಲಿದರೂ ಕೂತವನಿಗೆ ಬೀಳುವ ಭಯ ಆಗಬಾರದು. ಕೊನೆಗೆ ತಾವೇ ಕೂತು, ಕಣ್ಣು ಮುಚ್ಚಿ, ಒಂದು ಸಣ್ಣ ನಿದ್ದೆ ತೆಗೆದು, ಎದ್ದು, ‘ಆತು, ಒಯ್ಯಿ’ ಎಂದರು. ನನ್ನನ್ನು ಮಾಡಿಸಿದ್ದು ಅದೇ ಊರಿನ, ಕ್ಷೌರದ ಕಸುಬಿನ ಫಕ್ಕೀರಪ್ಪ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅಲ್ಲಿಯವರೆಗೆ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಿ, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದರಂತೆ. ನಾನು ಬಂದ ಮೇಲೆ ಒಂದು ಅಂಗಡಿ ಆಯಿತು, ಜನ ಅವರ ಬಳಿಗೆ ಬರತೊಡಗಿದರು.

ನಲವತ್ತು ವರ್ಷ. ಎಷ್ಟು ತಲೆಗಳು ನನ್ನ ಮೇಲೆ ಒರಗಿದವೋ ಲೆಕ್ಕವಿಲ್ಲ. ನನಗೆ ಮುಖಗಳಿಗಿಂತ ಹೆಡತಲೆಗಳ ಪರಿಚಯ ಹೆಚ್ಚು. ಸುಳ್ಳು ಹೇಳುವಾಗ ಮನುಷ್ಯನ ಕತ್ತು ಬಿಗಿಯುತ್ತದೆ, ಮುಖ ಎಷ್ಟೇ ನಗಲಿ. ಆ ಕಾಲದವರು ಎಣ್ಣೆ ಹಚ್ಚುತ್ತಿದ್ದದ್ದೂ ಧಾರಾಳವಾಗಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ವಾಸನೆ ಎಣ್ಣೆ, ಎಲ್ಲವನ್ನೂ ನನ್ನ ತಲೆದಿಂಬು, ತೋಳುಗಳು ಕುಡಿದವು. ಫಕ್ಕೀರಪ್ಪ ದಿನಾ ಒರೆಸುತ್ತಿದ್ದರು. ಒರೆಸಿದಷ್ಟೂ ಎಣ್ಣೆ ಒಳಗೇ ಇಳಿಯಿತು. ನಾನು ಕರ್ರಗೆ ಮಿರಮಿರ ಮಿಂಚುತ್ತಿದ್ದೆ, ಅದೇ ನನ್ನ ಚೆಲುವು ಎಂದುಕೊಂಡಿದ್ದೆ.

ಅವರಿಗೆ ಒಬ್ಬಳೇ ಮಗಳು, ಸುವರ್ಣಾ. ಶಾಲೆ ಬಿಟ್ಟ ಮೇಲೆ ಅಂಗಡಿಯ ಬಾಗಿಲಿನವರೆಗೆ ಬಂದು, ಮನೆಯ ಕೀಲಿಕೈ ಇಸಿದುಕೊಂಡು ಓಡುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ‘ಅಂಗಡಿ ಐತ್ರಿ’ ಎನ್ನುತ್ತಿದ್ದಳಂತೆ. ಯಾವ ಅಂಗಡಿ ಎಂದು ಮುಂದೆ ಯಾರೂ ಕೇಳದಿದ್ದರೆ ಸಾಕಿತ್ತು ಅವಳಿಗೆ. ಫಕ್ಕೀರಪ್ಪ ಇದನ್ನು ಗಿರಾಕಿಗಳ ಮುಂದೆ ನಗುತ್ತಲೇ ಹೇಳುತ್ತಿದ್ದರು, ಮಗಳು ಶಾಣ್ಯಾಕಿ ಎಂದು.

ವಯಸ್ಸಾದಂತೆ ಅವರ ಬಲಗೈ ನಡುಗತೊಡಗಿತು. ಒಂದು ದಿನ ಗಿರಾಕಿಯ ಕಿವಿಯ ಕೆಳಗೆ ಕತ್ತಿ ತಾಗಿ ರಕ್ತ ಬಂತು. ಗಿರಾಕಿ ಬೈಯಲಿಲ್ಲ, ‘ಇರ್ಲಿ ಬಿಡೋ ಫಕ್ಕೀರ್ಯಾ’ ಎಂದು ಪಟಿಕದ ತುಂಡು ತಾನೇ ಒತ್ತಿಕೊಂಡ. ಆ ಕನಿಕರದ ಬದಲು ಬೈದಿದ್ದರೆ ಅಂಗಡಿ ಇನ್ನೂ ಎರಡು ವರ್ಷ ನಡೆಯುತ್ತಿತ್ತೇನೋ. ಮರುದಿನ ಫಕ್ಕೀರಪ್ಪ ಬಾಗಿಲು ತೆರೆಯಲಿಲ್ಲ. ನಾನು ಅವರ ಮನೆಯ ಪಡಸಾಲೆಯ ಮೂಲೆ ಸೇರಿ, ಮೈಮೇಲೆ ಹಾಸಿಗೆ ಸುರುಳಿ ಹೊತ್ತು ಕೂತೆ.

ಅಲ್ಲಿಂದ ನನ್ನನ್ನು ಎಬ್ಬಿಸಿದ್ದು ಸುವರ್ಣಾ. ಗಂಡ ತೀರಿಕೊಂಡ ಮೇಲೆ ಮೂರು ತಿಂಗಳ ತರಬೇತಿ ಮುಗಿಸಿ, ಹೊಸ ಬಡಾವಣೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಳು. ಪಾರ್ಲರಿನ ಹೊಸ ಕುರ್ಚಿಯ ಬೆಲೆ ಕೇಳಿ ಹಿಂದಕ್ಕೆ ಬಂದವಳು ನನ್ನ ಸುತ್ತ ಎರಡು ಸಲ ತಿರುಗಿದಳು.

‘ಬಣ್ಣ ಹಚ್ಚಿದ್ರ ಗುರುತ ಸಿಗೂದಿಲ್ಲ ಅಲ್ಲೇನಪ್ಪಾ?’ ಎಂದಳು.

‘ಒಯ್ಯವಾ’ ಎಂದರು ಫಕ್ಕೀರಪ್ಪ. ‘ಇಲ್ಲಿ ಬರೇ ಧೂಳ ತಿನ್ನಾಕತ್ತೈತಿ.’

ಅವಳಿಗೆ ಗುರುತು ಸಿಗಬಾರದಾಗಿತ್ತು. ಬಡಾವಣೆಯಲ್ಲಿ ಯಾರಿಗೂ ಅವಳ ಮನೆತನದ ಕಸುಬು ಗೊತ್ತಿರಲಿಲ್ಲ. ಗೊತ್ತಾದರೆ ದೊಡ್ಡ ಮನೆಗಳ ಹೆಂಗಸರು ಮೆಟ್ಟಿಲು ಹತ್ತುವುದಿಲ್ಲ, ಅಂಗಡಿ ಮುಳುಗುತ್ತದೆ ಎಂಬ ಭಯ ಅವಳ ಎದೆಯಲ್ಲಿ ಕೂತಿತ್ತು. ಆ ಭಯ ಸುಳ್ಳೆಂದು ಹೇಳಲು ನನಗೂ ಧೈರ್ಯವಿಲ್ಲ.

ಫೋನಿನ ವಿಡಿಯೊದಲ್ಲಿ ಒಬ್ಬಾಕೆ ಹಳೆಯ ಸಾಮಾನಿಗೆ ಹೊಸ ಕಳೆ ತರುವುದನ್ನು ತೋರಿಸುತ್ತಿದ್ದಳು. ಸುವರ್ಣಾ ಫೋನನ್ನು ಕನ್ನಡಿಗೆ ಒರಗಿಸಿಟ್ಟು, ನೋಡುತ್ತ ನೋಡುತ್ತ ಕೆಲಸ ಮಾಡಿದಳು. ಒಂದು ಲೀಟರ್ ತಿಳಿನೇರಳೆ ಎನಾಮೆಲ್, ಎರಡಂಗುಲದ ಬ್ರಶ್ಶು, ಮರ ಉಜ್ಜಲು ನಾಲ್ಕು ಹಾಳೆ ಪಾಲಿಶ್ ಕಾಗದ. ಅಷ್ಟರಲ್ಲೇ ನಾನು, ಕನ್ನಡಿಯ ಚೌಕಟ್ಟು, ಒಂದು ಸ್ಟೂಲು, ಚಹಾಪುಡಿಯ ಪೆಟ್ಟಿಗೆಯ ಹಲಗೆಗಳಿಂದ ಮಾಡಿದ ಕಪಾಟು, ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿದೆವು. ಬಣ್ಣಕ್ಕೆ ನಾನು ಮುನಿಸಿಕೊಳ್ಳಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ, ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು. ಹಳೆಯ ಸೀರೆ ಕತ್ತರಿಸಿ ಗವಸು ಹೊಲಿದು ಹಾಕಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಒಂದು ಗೆಲುವು ಕಂಡಿತು.

ಆ ಗೆಲುವು ಮೂರು ವಾರವೂ ಉಳಿಯಲಿಲ್ಲ. ತಪ್ಪು ನನ್ನದೇ. ಫೋನಿನಾಕೆ ಕುರ್ಚಿಯನ್ನು ಉಜ್ಜಲು ಹೇಳಿದ್ದಳೇ ಹೊರತು, ನಲವತ್ತು ವರ್ಷ ಎಣ್ಣೆ ಕುಡಿದ ಕುರ್ಚಿಯ ವಿಷಯ ಅವಳಿಗೇನು ಗೊತ್ತು? ಸೆಕೆ ಏರುತ್ತಿದ್ದಂತೆ ನನ್ನೊಳಗಿನ ಎಣ್ಣೆ ಮೇಲೆದ್ದಿತು. ನಾನು ತಡೆಯಲು ನೋಡಿದೆ, ಆಗಲಿಲ್ಲ. ಎರಡನೇ ಕ್ರಾಸಿನ ದಾಕ್ಷಾಯಣಿ ಅಕ್ಕಾರು ಎದ್ದು ನಿಂತಾಗ ನನ್ನ ತೋಳಿನ ಬಣ್ಣ ಹಪ್ಪಳದ ಚೂರಿನ ಹಾಗೆ ಅವರ ಮೊಣಕೈಗೆ ಅಂಟಿಕೊಂಡು ಹೋಯಿತು. ಬಡಾವಣೆಯ ಮಹಿಳಾ ಮಂಡಳಕ್ಕೆ ಅವರೇ ಅಧ್ಯಕ್ಷರು. ಮಗಳ ಮದುವೆಯ ಅಲಂಕಾರವನ್ನು ಸುವರ್ಣಾಳಿಗೇ ಕೊಡುವ ಮಾತಾಡಿದ್ದರು. ‘ಏನ ಖುರ್ಚಿನವಾ ಇದು’ ಎಂದು ನಕ್ಕು ಹೋದರು. ಸುವರ್ಣಾ ನಗಲಿಲ್ಲ. ಬಣ್ಣ ಎದ್ದ ಜಾಗದಲ್ಲಿ ನನ್ನ ಹಳೆಯ ಕಪ್ಪು ಇಣುಕುತ್ತಿತ್ತು.

ಅವಳು ಅಪ್ಪನಿಗೆ ಫೋನು ಮಾಡಿದಳು. ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿಗೆ, ಫಕ್ಕೀರಪ್ಪ ಬಂದರು. ಕೈಯಲ್ಲಿ ಬಟ್ಟೆ ಸೋಡಾದ ಪೊಟ್ಟಣ, ತೆಂಗಿನ ನಾರು. ಬಿಸಿನೀರಿಗೆ ಸೋಡಾ ಕಲಸಿ ನನ್ನನ್ನು ತಿಕ್ಕಿದರು, ಮತ್ತೆ ತಿಕ್ಕಿದರು. ಬಕೆಟ್ಟಿಗೆ ಇಳಿದ ಹಳದಿ ನೀರು ನೋಡಿ, ‘ಇದರಾಗ ಅರ್ಧಾ ಬೆಟಗೇರಿ ಐತವಾ’ ಎಂದರು. ಸುವರ್ಣಾ ಆ ದಿನ ನಿಜವಾಗಿ ನಕ್ಕಳು. ಬಿಸಿಲಿಗಿಟ್ಟು ಒಣಗಿಸಿ, ಒಳಗೆ ತಂದು, ಫಕ್ಕೀರಪ್ಪ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬಣ್ಣ ಹಚ್ಚತೊಡಗಿದರು. ಆ ಕೈ ನನಗೆ ಗೊತ್ತು. ನಡುಗಿದರೂ ಮೊದಲಿನಷ್ಟೇ ಹಗುರ.

ಆಗಲೇ ದಾಕ್ಷಾಯಣಿ ಅಕ್ಕಾರು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನ ಕನ್ನಡಕ ಮರೆತಿದ್ದರಂತೆ.

‘ಯಾರವಾ ಇವರು?’ ಎಂದರು.

ಸುವರ್ಣಾ ಕಪಾಟಿನ ಕಡೆ ತಿರುಗಿದಳು. ‘ಪೇಂಟರ್ರಿ’ ಎಂದಳು.

ಬ್ರಶ್ಶು ನನ್ನ ತೋಳಿನ ಮೇಲೆ ನಿಂತಿತು. ಒಂದು ಗಳಿಗೆ ಅಷ್ಟೇ. ಮತ್ತೆ ಮುಂದೆ ಸರಿಯಿತು. ‘ಹೌದ್ರಿ ಅಕ್ಕಾರ’ ಎಂದರು ಫಕ್ಕೀರಪ್ಪ. ‘ಎರಡು ದಿನ ಯಾರೂ ಕುಂದ್ರಬ್ಯಾಡ್ರಿ, ಹಸಿ ಐತಿ.’

ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆ. ಅಕ್ಕಾರು ಹತ್ತಿರ ಬಂದು ಕೆಲಸ ನೋಡಿದರು. ‘ಚೊಲೋ ಹಚ್ಚತಿಯಲ್ಲೋ ಯಜ್ಜಾ. ನಮ್ಮನ್ಯಾಗ ನಾಕು ಖುರ್ಚಿ, ಒಂದು ಟೀಪಾಯಿ, ಕಪಾಟು ಅದಾವ. ಮದವಿ ಬಂತು. ಹೊಸಾವು ತರೂದರ ಬದಲಿ ಇವಕ್ಕ ಬಣ್ಣಾ ಹಚ್ಚಿಸಿದ್ರ ಆತು ಅಂತೇನಿ. ಬರ್ತಿಯೇನು?’

ಫಕ್ಕೀರಪ್ಪ ಕನ್ನಡಿಯಲ್ಲಿ ಮಗಳನ್ನು ನೋಡಿದರು. ಅವಳು ಸಾಲಾಗಿದ್ದ ಸೀಸೆಗಳನ್ನೇ ಮತ್ತೆ ಸಾಲಾಗಿ ಇಡುತ್ತಿದ್ದಳು. ‘ಬರ್ತೀನ್ರಿ’ ಎಂದರು.

ಅಕ್ಕಾರು ಹೋದ ಮೇಲೆ ಸುವರ್ಣಾ, ‘ಅಪ್ಪಾ, ನಾ...’ ಎಂದು ಶುರು ಮಾಡಿದಳು.

‘ಇರ್ಲಿ ಬಿಡವಾ. ಕೈಯಾಗ ಬ್ರಶ್ ಹಿಡದೀನಿ, ಪೇಂಟರ್ ಅಲ್ಲದ ಮತ್ತೇನು?’ ಎಂದು ಅವರೇ ಸಮಾಧಾನ ಮಾಡಿದರು. ಬೇಡ, ಅವರ ಮನೆಗೆ ಹೋಗಬೇಡ ಎಂದು ಅವಳು ಹೇಳಬಹುದಾಗಿತ್ತು. ಹೇಳಲಿಲ್ಲ. ನನಗೆ ಅವಳ ಮೇಲೆ ಆ ದಿನ ಸಿಟ್ಟು ಬಂತು. ಬಣ್ಣ ಹಿಡಿಯದೆ ಇದಕ್ಕೆಲ್ಲ ಕಾರಣನಾದ ನನ್ನ ಮೇಲೆ ಇನ್ನೂ ಹೆಚ್ಚು ಬಂತು.

ಅವರು ನಾಲ್ಕು ದಿನ ಎರಡನೇ ಕ್ರಾಸಿಗೆ ಕೆಲಸಕ್ಕೆ ಹೋದರು. ಪಾರ್ಲರಿನ ಮುಂದೆಯೇ ಹಾದು ಹೋಗುತ್ತಿದ್ದರು, ಒಳಗೆ ತಿರುಗಿ ನೋಡುತ್ತಿರಲಿಲ್ಲ. ಸುವರ್ಣಾ ಮಾತ್ರ ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಗಾಜು ಒರೆಸಲು ನಿಲ್ಲುತ್ತಿದ್ದಳು.

ಐದನೆಯ ದಿನ ದಾಕ್ಷಾಯಣಿ ಅಕ್ಕಾರು ಫೇಶಿಯಲ್ಲಿಗೆ ಬಂದರು. ಈ ಸಲ ನನ್ನ ಬಣ್ಣ ಗಟ್ಟಿಯಾಗಿತ್ತು. ಆರಾಮಾಗಿ ಒರಗಿ, ಕಣ್ಣು ಮುಚ್ಚಿ, ಮಾತು ಶುರು ಮಾಡಿದರು. ಸುವರ್ಣಾ ಹಿಂದೆ ನಿಂತು ಕೆನ್ನೆ ತೀಡುತ್ತಿದ್ದಳು.

‘ಆ ಪೇಂಟರ್ ಅಜ್ಜ ಭಾಳ ಚೊಲೋ ಮನಷ್ಯಾ ನೋಡವಾ. ಕೈ ನಡಗತಾವ ಖರೆ, ಒಂದು ಹನಿ ಬಣ್ಣ ನೆಲಕ್ಕ ಕೆಡವಲಿಲ್ಲ. ನಿನ್ನೆ ಊಟಕ್ಕ ಕುಂತಾಗ ಕೇಳಿದೆ, ಇಷ್ಟ ವಯಸ್ಸಾದ ಮ್ಯಾಲ ಯಾಕ ದುಡೀತಿ, ಮಕ್ಕಳು ನೋಡೂದಿಲ್ಲೇನು ಅಂತ. ಮಕ್ಕಳಿಲ್ಲರೀ ಅಂದ. ಒಂದೂ ಇಲ್ಲೇನೋ ಅಂದೆ. ಹುಟ್ಟಲೇ ಇಲ್ಲರೀ ಅಂದ. ಪಾಪ.’

ಸುವರ್ಣಾಳ ಕೈ ನಿಂತಿತು. ಆಮೇಲೆ ಅವಳು ಏನೂ ಆಗದವಳಂತೆ ಪ್ಯಾಕ್ ಕಲಸಿ, ಅಕ್ಕಾರ ಮುಖಕ್ಕೆ ಹಚ್ಚಿದಳು. ಅದು ಒಣಗುವವರೆಗೆ ಮಾತಾಡುವ ಹಾಗಿಲ್ಲ, ಮಾತಾಡಿದರೆ ಬಿರುಕು ಬಿಡುತ್ತದೆ. ಬಟ್ಟಲು ಕೆಳಗಿಟ್ಟು ಅವಳು ಮುಂದೆ ಬಂದು ನಿಂತಳು.

‘ಅಕ್ಕಾರ, ಅವರು ಪೇಂಟರ್ ಅಲ್ಲರಿ. ನಮ್ಮಪ್ಪ. ಬೆಟಗೇರ್ಯಾಗ ನಲವತ್ತು ವರ್ಷ ಕ್ಷೌರದ ಅಂಗಡಿ ನಡೆಸ್ಯಾರ. ನೀವು ಕುಂತಿದ್ದು ಅವರ ಖುರ್ಚಿ. ನಾ ಅವರ ಮಗಳು, ಒಬ್ಬಾಕಿನ.’

ಅಕ್ಕಾರು ಕಣ್ಣು ತೆರೆದರು. ಬಿಳಿ ಪ್ಯಾಕಿನೊಳಗೆ ಎರಡೇ ಕಣ್ಣು. ನನ್ನ ತೋಳುಗಳ ಮೇಲಿದ್ದ ಅವರ ಕೈಗಳು ಮೆಲ್ಲಗೆ ಎದ್ದು ಮಡಿಲಿಗೆ ಹೋದವು. ಹೇಸಿಗೆಯಿಂದಲೋ, ನಾಚಿಕೆಯಿಂದಲೋ, ಇಷ್ಟು ಜನರನ್ನು ಹೊತ್ತ ನನಗೂ ತಿಳಿಯಲಿಲ್ಲ. ಹದಿನೈದು ನಿಮಿಷಕ್ಕೆ ಪ್ಯಾಕ್ ಒಣಗಿತು.

ಮುಖ ತೊಳೆದ ಮೇಲೆ ಅವರು ಹೇಳಿದ್ದು ಒಂದೇ ಮಾತು. ‘ಮೊದಲ ಹೇಳಬಾರದೇನವಾ? ನಾ ಅವಗ ಹೊರಗ ಕಟ್ಟೀ ಮ್ಯಾಲ ಊಟಕ್ಕ ಕೊಟ್ಟೆ.’

‘ಹೇಳಿದ್ರ ಒಳಗ ಕರೀತಿದ್ರೇನ್ರಿ?’ ಎಂದಳು ಸುವರ್ಣಾ.

ಅಕ್ಕಾರು ಕನ್ನಡಕ ಹಾಕಿಕೊಂಡರು. ಚೀಲ ತೆಗೆದುಕೊಂಡು ಹೋದರು. ಅವರ ಮಗಳ ಅಲಂಕಾರಕ್ಕೆ ಹುಬ್ಬಳ್ಳಿಯಿಂದ ಬೇರೆಯವರು ಬಂದರೆಂದು ಆಮೇಲೆ ಗೊತ್ತಾಯಿತು. ಮಹಿಳಾ ಮಂಡಳದ ನಾಲ್ಕೈದು ಜನ ಬರುವುದು ನಿಂತಿತು. ಕಾಲೇಜು ಹುಡುಗಿಯರು, ಶಾಲೆಯ ಟೀಚರುಗಳು ಎಂದಿನಂತೆ ಬರುತ್ತಾರೆ. ಅಂಗಡಿ ಮುಳುಗಿಲ್ಲ, ತೇಲಿಯೂ ಇಲ್ಲ.

ಮರುದಿನವೇ ಅವಳು ಬೆಟಗೇರಿಗೆ ಹೋಗಿ ಅಪ್ಪನನ್ನು ಕರೆತಂದಳು. ನಿಲ್ಲಿಸಿಕೊಂಡು ಕೇಳಿದಳು, ‘ಮಕ್ಕಳಿಲ್ಲ ಅಂತ ಯಾಕ ಅಂದಿ?’

ಫಕ್ಕೀರಪ್ಪ ನನ್ನ ತಲೆದಿಂಬಿನ ಗವಸು ಸರಿಮಾಡುತ್ತ ಹೇಳಿದರು, ‘ಮಗಳು ಅದಾಳ ಅಂದ್ರ ಎಲ್ಲೆ ಅದಾಳ ಅಂತಿದ್ರು. ಏನ ಮಾಡತಾಳ ಅಂತಿದ್ರು. ಅಷ್ಟೂ ಸುಳ್ಳ ನನ್ನ ಕೈಲೆ ಆಗೂದಿಲ್ಲವಾ. ಒಂದರಾಗ ಮುಗಿಸಿದೆ.’

ಸುವರ್ಣಾ ಅತ್ತಳು. ಅವರು ಅಳಲಿಲ್ಲ, ಅವಳನ್ನು ಸುಮ್ಮನಾಗಿಸಲೂ ಇಲ್ಲ. ಅಳು ಮುಗಿದ ಮೇಲೆ ಅವಳು ಅವರ ತೋಳು ಹಿಡಿದು ನನ್ನ ಮೇಲೆ ಕೂರಿಸಿದಳು. ನಲವತ್ತು ವರ್ಷ ನನ್ನ ಹಿಂದೆ ನಿಂತವರು, ಒಂದು ದಿನವೂ ನನ್ನ ಮೇಲೆ ಕೂತವರಲ್ಲ. ಅದು ಗಿರಾಕಿಯ ಜಾಗ ಎನ್ನುತ್ತಿದ್ದರು. ಅವಳು ಅವರ ಕತ್ತಿಗೆ ಟವೆಲ್ ಸುತ್ತಿ, ನೊರೆ ಹಚ್ಚಿ, ಗಡ್ಡ ತೆಗೆದಳು. ಕೈ ಅಪ್ಪನದೇ, ಹಗುರ.

ಆಗಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಅವರು ಬರುತ್ತಾರೆ. ನನಗೂ ಮುಪ್ಪು. ಕೀಲುಗಳು ಸಡಿಲಾಗಿವೆ, ಬಣ್ಣ ಮಾತ್ರ ಗಟ್ಟಿಯಾಗಿ ಹಿಡಿದಿದೆ. ಯಾರಾದರೂ ಕೇಳಿದರೆ ಸುವರ್ಣಾ ‘ನಮ್ಮಪ್ಪ’ ಎಂದೇ ಹೇಳುತ್ತಾಳೆ, ಕೇಳದಿದ್ದವರಿಗೂ ಹೇಳುತ್ತಾಳೆ. ಫಕ್ಕೀರಪ್ಪ ನಗುತ್ತಾರೆ. ಆದರೆ ಹೊರಗೆ ಚಪ್ಪಲಿ ಬಿಚ್ಚುವ ಸದ್ದಾದರೆ ಸಾಕು, ಅರ್ಧ ಗಡ್ಡಕ್ಕೇ ಎದ್ದು ನಿಲ್ಲುತ್ತಾರೆ. ‘ಕುಂದ್ರಪ್ಪಾ’ ಎಂದು ಅವಳು ಭುಜ ಒತ್ತುತ್ತಾಳೆ, ಕೂರುತ್ತಾರೆ. ಎಂಟು ತಿಂಗಳಾಯಿತು. ಸಾವಿರಾರು ಜನರ ಭಾರ ಹೊತ್ತವನು ನಾನು, ಯಾರು ಹೇಗೆ ಕೂತಿದ್ದಾರೆಂದು ನನಗೆ ಗೊತ್ತಾಗುತ್ತದೆ. ಅವರು ಇನ್ನೂ ತಮ್ಮ ಪೂರ್ತಿ ಭಾರವನ್ನು ನನ್ನ ಮೇಲೆ ಬಿಟ್ಟು ಕೂತಿಲ್ಲ.