ಮೈಲಿಸಳ ಮೊದಲ ರೆಕಾರ್ಡಿಂಗ್

"ಒಂದೇ ಸಮ ಬಿಡು, ಉರ್ಪೊ ಮಾಮ! ಒಂದೇ ಸಮ!"

ಸಾಮುಲಿ ಹಲ್ಲು ಕಚ್ಚಿಕೊಂಡು ಹೇಳಿದ. ಶವಪೆಟ್ಟಿಗೆ ತಲೆಯ ಕಡೆಗೆ ವಾಲಿತ್ತು. ಆರು ಜನ ಎರಡೂ ಬದಿಗೆ ನಿಂತು, ಪಟ್ಟಿಗಳನ್ನು ಇಷ್ಟಿಷ್ಟೇ ಸಡಿಲಿಸುತ್ತ ಅದನ್ನು ಗುಂಡಿಗೆ ಇಳಿಸುತ್ತಿದ್ದರು. ಎದುರಿಗಿದ್ದ ಉರ್ಪೊನ ಕೈ ನಡುಗಿ ಪಟ್ಟಿ ಒಂದು ಗೇಣು ಜಾರಿತ್ತು. ಪೆಟ್ಟಿಗೆಯೊಳಗೆ ಏನೋ ಮೆಲ್ಲಗೆ ಸರಿದ ಸದ್ದು ಸಾಮುಲಿಗೆ ಕೇಳಿಸಿತು. ಒಳಗಿದ್ದವಳು ಅವನ ತಾಯಿ ಮೈಲಿಸ್.

"ಗುಂಡಿ ಬಾಯಲ್ಲೂ ಜಗಳವೇನ್ರೋ?" ಮೈಲಿಸಳ ಅಕ್ಕ ಔನೆ ಹಿಂದಿನಿಂದ ಪಿಸುಗುಟ್ಟಿದಳು.

"ಎಪ್ಪತ್ತರ ಕೈ ಕಣೋ ಇದು," ಉರ್ಪೊ ಏದುಸಿರಿನಲ್ಲಿ ಹೇಳಿದ. "ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ನನ್ನ ಬದಲಿಗೆ ಇನ್ನೊಬ್ಬನ್ನ ನಿಲ್ಲಿಸಿರೋಳು."

ಪೆಟ್ಟಿಗೆ ತಳ ಮುಟ್ಟಿತು. ಸಾಮುಲಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೈಲಿಸಳನ್ನು ಟೀವಿ ಹುಚ್ಚಿ ಎಂದು ಆಡಿಕೊಂಡ ನೆಂಟರ ಮೇಲೆ. ವಾರಕ್ಕೆ ಮೂರು ಸಲ ಅವಳ ಮನೆಗೆ ಬಂದು ಕಾಫಿ ಕುಡಿದು ಟೀವಿ ರೆಕಾರ್ಡ್ ಮಾಡುವ ಅವಳ ಯಂತ್ರವನ್ನು ಹಂಗಿಸಿ ಹೋಗುತ್ತಿದ್ದ ಅವಳ ಗೆಳೆಯ, ಈ ಮುದುಕ ಉರ್ಪೊನ ಮೇಲೆ. ಇಪ್ಪತ್ತಮೂರು ವರ್ಷದ ತನ್ನ ಮೇಲೂ, ಆದರೆ ಅದನ್ನು ಅವನು ಸರದಿಯಲ್ಲಿ ಕೊನೆಗೆ ಇಟ್ಟಿದ್ದ.

*

ಚರ್ಚಿನ ಸಭಾಂಗಣದಲ್ಲಿ ಮಾಂಸದ ಸಾರು, ಬೀಟ್‌ರೂಟಿನ ಕೋಸಂಬರಿ, ಕಾಫಿ ಹಂಚಿ ಆಗಿತ್ತು. ಔನೆ ದೊಡ್ಡಮ್ಮ ಎದ್ದು ನಿಂತು ಸಂತಾಪದ ಕಾರ್ಡುಗಳನ್ನು ಒಂದೊಂದಾಗಿ ಓದತೊಡಗಿದಳು. ಬಟ್ಟೆ ಗಿರಣಿಯಲ್ಲಿ ಮೈಲಿಸಳ ಜೊತೆ ಕೆಲಸ ಮಾಡಿದವರದು, ಪಕ್ಕದ ಬೀದಿಯವರದು, ಹೆಸರೇ ಕೇಳದ ಸಂಬಂಧಿಗಳದು. ಎಲ್ಲದರಲ್ಲೂ ಅದೇ ನಾಲ್ಕು ಸಾಲಿನ ಪದ್ಯ, ಅದೇ ಸಂಜೆ, ಅದೇ ಹಕ್ಕಿ. ಜನ ತಲೆ ತಗ್ಗಿಸಿ ಕೇಳುತ್ತಿದ್ದರು.

ಉರ್ಪೊ ತಟ್ಟೆ ಹಿಡಿದು ಬಂದು ಸಾಮುಲಿಯ ಪಕ್ಕದ ಕುರ್ಚಿಯಲ್ಲಿ ಕೂತ.

"ಬೇರೆ ಕಡೆ ಜಾಗ ಇರ್ಲಿಲ್ವಾ?"

"ಇತ್ತು. ಅಲ್ಲಿ ನನ್ನ ಜೊತೆ ಜಗಳ ಆಡೋರು ಯಾರೂ ಇಲ್ಲ." ಉರ್ಪೊ ರೊಟ್ಟಿಯನ್ನು ಸಾರಿನಲ್ಲಿ ಅದ್ದಿದ. "ನೋಡು, ಎಂಥ ದಿನ ನೋಡಿ ಮಣ್ಣಿಗೆ ಹೋದ್ಲು. ಇವತ್ತು ಬೆಳಗಿನ ಜಾವ ನಾಲ್ಕಕ್ಕೆ ಫಿನ್ಲೆಂಡಿನ ಹಳೇ ಟೀವಿ ಸಿಗ್ನಲ್ ಎಲ್ಲ ಆರಿಸಿಬಿಟ್ರು. ಇನ್ಮೇಲೆ ಡಿಜಿಟಲ್ ಡಬ್ಬ ಇಲ್ಲದೋರ ಮನೇಲಿ ಪರದೆ ತುಂಬ ಬರೀ ಚುಕ್ಕಿಯ ಹಿಮ. ಆ ಡಬ್ಬಕ್ಕೆ ಚಿತ್ರ ಮೊದಲೇ ಮಡಚಿ ಚಿಕ್ಕದಾಗಿ ಬರುತ್ತಂತೆ. ಮಡಚೋಕೆ ನನ್ನ ಕಂಪ್ಯೂಟರ್ ಕಾರ್ಡೂ ಬೇಡ, ಅವಳ ಪ್ರೋಗ್ರಾಮೂ ಬೇಡ. ನಾಲ್ಕು ವರ್ಷ ಕಿತ್ತಾಡಿದ್ದು ನೀರಲ್ಲಿ ಹೋಮ ಆಯ್ತು."

"ಅವಳ ಯಂತ್ರಕ್ಕೆ ಅದನ್ನ ಯಾರೂ ಹೇಳಿಲ್ಲ ಅನ್ಸುತ್ತೆ," ಸಾಮುಲಿ ಹೇಳಿದ. "ಬೆಳಿಗ್ಗೆ ಒಂಬತ್ತಕ್ಕೆ ತಾನಾಗೇ ಎದ್ದು ಲಾರಿ ಥರ ಮೊರೀತಾ ಇತ್ತು. ಇಷ್ಟು ದಿನ ಹಾಗೆ ಮೊರೆದದ್ದಿಲ್ಲ. ಸಾಕಾಗಿ ಕೋಣೆ ಬಾಗಿಲು ಹಾಕ್ಕೊಂಡು ಬಂದೆ."

ರೊಟ್ಟಿ ಉರ್ಪೊನ ಕೈಯಲ್ಲೇ ಉಳಿಯಿತು.

"ಆರಿಸಿಲ್ವಾ? ಮೂರು ವಾರದಿಂದ?"

"ಇಲ್ಲ."

"ಯಾಕೋ?"

ತಾಯಿ ಸತ್ತ ಸುದ್ದಿ ಕೇಳಿ ತುರ್ಕು ಪಟ್ಟಣದಿಂದ ಬಂದ ರಾತ್ರಿ ಖಾಲಿ ಮನೆಯಲ್ಲಿ ಸಾಮುಲಿ ಕೂತಿದ್ದಾಗ ಒಳಕೋಣೆಯಲ್ಲಿ ಯಂತ್ರ ತಾನಾಗಿ ಹೊತ್ತಿಕೊಂಡಿತ್ತು. ಫ್ಯಾನ್ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಿತ್ತು. ಯಾರೋ ಎದ್ದು ಕೆಲಸಕ್ಕೆ ಕೂತ ಹಾಗೆ. ಅಂದಿನಿಂದ ಅದು ಹೊತ್ತುಹೊತ್ತಿಗೆ ಏಳುತ್ತಿತ್ತು, ಅವಳು ನಮೂದಿಸಿ ಹೋಗಿದ್ದ ತೋಟಗಾರಿಕೆಯ ಕಾರ್ಯಕ್ರಮವನ್ನು, ಹವಾಮಾನವನ್ನು, ಭಾನುವಾರದ ಪ್ರಾರ್ಥನೆಯನ್ನು ಯಾರಿಗೂ ಬೇಡದಿದ್ದರೂ ಹಿಡಿದಿಡುತ್ತಿತ್ತು. ಅದನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮುಟ್ಟಿರಲಿಲ್ಲ. ಇದನ್ನು ಈ ಮುದುಕನಿಗೆ ಹೇಳುವುದು ಹೇಗೆ?

"ಅದರ ಡಿಸ್ಕಲ್ಲಿ ಏನಿದೆ ಗೊತ್ತಾ ನಿಂಗೆ?" ಉರ್ಪೊ ದನಿ ತಗ್ಗಿಸಿ ಕೇಳಿದ.

*

ಮೈಲಿಸ್ ಮೂವತ್ತೊಂದು ವರ್ಷ ಗಿರಣಿಯಲ್ಲಿ ಬಟ್ಟೆ ನೋಡಿದವಳು. ಕೆಳಗಿನಿಂದ ದೀಪ ಹಾಕಿದ ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿತ್ತು. ಎಳೆ ತಪ್ಪಿದ ಕಡೆ ಅಂಚಿಗೆ ಕೆಂಪು ನೂಲು ಕಟ್ಟುವುದು ಅವಳ ಕೆಲಸ. ಕಣ್ಣು ಅದಕ್ಕೇ ಪಳಗಿಹೋಗಿ, ಮನೆಯಲ್ಲೂ ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಾಲರಿನ ಹೊಲಿಗೆ ಕಾಣುತ್ತಿತ್ತು. ಮಾತು ಮಾತ್ರ ಎಣಿಸಿ ಆಡುವಳು. ಸಾಮುಲಿ ಹದಿನಾರಕ್ಕೆ ಶಾಲೆ ಬಿಟ್ಟಾಗ ಅವಳು ಆಡಿದ್ದು ಎರಡೇ ಮಾತು: "ಬಿಟ್ಯಾ? ಊಟ ಮಾಡು."

ಬೈದಿದ್ದರೆ ಅವನು ತಡೆದುಕೊಳ್ಳಬಹುದಿತ್ತು.

ಕೆಲಸದಿಂದ ಬಿಡುಗಡೆಯಾದ ಮೇಲೆ ಅವಳು ಹಳೆಯ ಕಂಪ್ಯೂಟರೊಂದನ್ನು ತಂದು, ಅದಕ್ಕೆ ಆಂಟೆನಾ ಜೋಡಿಸಿ, ಟೀವಿ ಹಿಡಿದಿಡಲು ಕೂತಳು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ್ದ ಉರ್ಪೊ ಸಹಾಯಕ್ಕೆಂದು ಬಂದು ಜಗಳಕ್ಕೆ ನಿಂತ. ಆಂಟೆನಾದಿಂದ ಬರುವ ಚಿತ್ರ ಥಾನುಗಟ್ಟಲೆ ಬಟ್ಟೆಯಿದ್ದಂತೆ, ಮಡಚದೆ ಡಿಸ್ಕಿನೊಳಗೆ ಹಿಡಿಸುವುದಿಲ್ಲ. ಮಡಚುವುದಕ್ಕೇ ಒಂದು ಚಿಪ್ ಇರುವ ಕಾರ್ಡ್ ಹಾಕು ಎಂದು ಉರ್ಪೊ. ಹಾರ್ಡ್‌ವೇರ್ ಎಂದರೆ ಕತ್ತೆಯ ಹಾಗೆ, ಹೇರಿದ್ದನ್ನು ಸದ್ದಿಲ್ಲದೆ ಹೊರುತ್ತದೆ. ಮೈಲಿಸ್ ಒಪ್ಪಲಿಲ್ಲ. ಕಂಪ್ಯೂಟರಿನ ಪ್ರೊಸೆಸರೇ ಪ್ರೋಗ್ರಾಮಿನ ಮೂಲಕ ಮಡಚಬೇಕು ಎಂದು ಅವಳ ಹಟ.

"ನಿನ್ನ ಚಿಪ್ಪು ಮಡಚಿದ ಕಡೆಯೆಲ್ಲ ಚೌಕಳಿ ಬೀಳುತ್ತೆ," ಎಂದಿದ್ದಳು ಅವಳು, ಉರ್ಪೊನ ಮನೆಯ ಟೀವಿಯ ಮುಂದೆ ಮೂಗು ಇಟ್ಟುಕೊಂಡು. "ಇಲ್ಲಿ ನೋಡು, ಆ ಹುಡುಗಿಯ ಕೆನ್ನೆ ಮೇಲೆ. ಇದಕ್ಕೆ ನಾನಾಗಿದ್ರೆ ನೂಲು ಕಟ್ಟಿರ್ತಿದ್ದೆ."

"ನಿನ್ನ ಪ್ರೊಸೆಸರು ನಡುವೆ ಉಸಿರು ಕಟ್ಟಿ ಸಾಯುತ್ತೆ, ಮೈಲಿಸ್. ಒಂದೇ ಸಲ ಹತ್ತು ಕೆಲಸ ಬಂದ್ರೆ ಚಿತ್ರಾನ ಅಲ್ಲಲ್ಲೇ ಕೈಬಿಡುತ್ತೆ."

"ಬಿಡಲಿ. ಕಲೀತದೆ."

*

"ಆ ಪ್ರೋಗ್ರಾಮನ್ನ ಪರೀಕ್ಷೆ ಮಾಡೋಕೆ ಮಾತಾಡೋ ಒಂದು ಮುಖ ಬೇಕಿತ್ತು," ಸಾರಿನ ತಟ್ಟೆ ಪಕ್ಕಕ್ಕಿಟ್ಟು ಉರ್ಪೊ ಹೇಳಿದ. "ತುಟಿಯೂ ದನಿಯೂ ಜೊತೆಗೆ ಓಡುತ್ತಾ ಅಂತ ನೋಡೋಕೆ. ನಾನು ಕ್ಯಾಮೆರಾ ತಂದು ನೇರ ಆ ಯಂತ್ರಕ್ಕೇ ತಂತಿ ಜೋಡಿಸಿದೆ. ಅಡುಗೆಮನೆ ಕುರ್ಚಿ ಮೇಲೆ ಅವಳು ಕೂತು ಮಾತಾಡಿದ್ಲು. ನಲವತ್ತೊಂದು ನಿಮಿಷ."

"ಯಾರು, ಅಮ್ಮನಾ?" ಸಾಮುಲಿ ನಕ್ಕೇಬಿಟ್ಟ. "ಜೀವಮಾನಕ್ಕೇ ಅವಳು ಅಷ್ಟು ಮಾತಾಡಿಲ್ಲ."

"ಪರೀಕ್ಷೆ ಅಂತ ಮಾತಾಡಿದ್ಲು. ಕೆಲಸ ಅಂದ್ರೆ ಮಾಡಿಬಿಡೋಳಲ್ವಾ? ಹೆಚ್ಚಿಗೆ ನಿನ್ನ ವಿಷಯಾನೇ." ಅವನು ಕೈಯೊರೆಸಿಕೊಂಡ. "ಆ ಯಂತ್ರದ ಮೊದಲ ರೆಕಾರ್ಡಿಂಗ್ ಅದು. ಇನ್ನೆಲ್ಲೂ ಇಲ್ಲ. ಡಿಸ್ಕು ತುಂಬಿದ್ರೆ ಯಂತ್ರ ಎಲ್ಲಕ್ಕಿಂತ ಹಳೇದನ್ನ ಮೊದಲು ಅಳಿಸಿ ಜಾಗ ಮಾಡ್ಕೊಳ್ಳುತ್ತೆ. 'ಅಳಿಸಬೇಡ' ಅಂತ ಗುರುತು ಹಾಕು ಅಂದೆ. ಯಂತ್ರದ ಕೈಲಿ ಯಾಕೆ ಕೊಡ್ಲಿ, ದಿನಾ ಬೆಳಿಗ್ಗೆ ನಾನೇ ಬೇಡದ್ದನ್ನ ತೆಗೀತೀನಿ ಅಂದ್ಲು. ದಿನಾ ತೆಗೀತಿದ್ಲು ಕೂಡ. ಈಗ ಮೂರು ವಾರದಿಂದ ಯಾರು ತೆಗ್ದಿದ್ದಾರೆ?"

"ಮೂರು ವಾರ ತಡ್ಕೊಂಡಿದೆ, ಇನ್ನರ್ಧ ದಿನ..."

"ಇವತ್ತು ಹಿಮ ಕಣೋ! ಒಳ್ಳೇ ಚಿತ್ರದಲ್ಲಿ ಹಿಂದಿನ ಗೋಡೆ ಗೋಡೆಯಾಗೇ ಇರುತ್ತೆ, ಅದನ್ನ ಮತ್ತೆ ಬರೀಬೇಕಾಗಿಲ್ಲ. ಹಿಮದಲ್ಲಿ ಒಂದು ಚುಕ್ಕಿ ಇನ್ನೊಂದರ ಹಾಗಿಲ್ಲ. ನನ್ನ ಕಾರ್ಡಾದ್ರೆ ಇಷ್ಟೇ ಜಾಗ, ಇಷ್ಟರಲ್ಲೇ ತುರುಕ್ತೀನಿ ಅನ್ನುತ್ತೆ. ನಿಮ್ಮಮ್ಮನ ಪ್ರೋಗ್ರಾಮಿಗೆ ಒಂದು ಚುಕ್ಕೀನೂ ಬಿಡಬಾರದು ಅಂತ ಅವಳೇ ಹೇಳಿಕೊಟ್ಟಿದ್ದಾಳೆ. ದಿನದಷ್ಟು ಜಾಗಾನ ಗಂಟೆಗೆ ನುಂಗುತ್ತೆ. ಅದಕ್ಕೇ ಆ ಮೊರೆತ."

ಸಾಮುಲಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಔನೆ ದೊಡ್ಡಮ್ಮ ಕಾರ್ಡಿನಿಂದ ತಲೆಯೆತ್ತಿದಳು.

"ಸಾಮುಲಿ! ಇನ್ನೂ ಹದಿನಾಲ್ಕು ಕಾರ್ಡು ಇದೆ!"

"ನೀನೇ ಕೇಳಿಸ್ಕೋ ದೊಡ್ಡಮ್ಮ. ನಿಂಗೆ ಚೆನ್ನಾಗಿ ಓದೋಕೆ ಬರುತ್ತೆ."

"ಹೆತ್ತ ತಾಯಿ ಮಣ್ಣಾದ ದಿನಾನೂ ಬಾಗಿಲಿಗೇ ಓಡ್ತಾನಲ್ಲ ಇವ್ನು," ಅವಳು ಜನರಿಗೆಲ್ಲ ಕೇಳುವಂತೆ ಹೇಳಿದಳು. "ಅವತ್ತೂ ಹೀಗೇ ಹೋದ."

ಆ ಮಾತು ಬೆನ್ನಿಗೆ ಕಲ್ಲಿನಂತೆ ತಗುಲಿತು. ಅವನು ತಿರುಗಲಿಲ್ಲ. ಉರ್ಪೊ ಕೋಟು ಅರ್ಧ ತೊಟ್ಟುಕೊಂಡೇ ಹಿಂದೆ ಓಡಿಬಂದ.

*

ಅವತ್ತು ಎಂದರೆ ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಹನ್ನೆರಡು, ಶನಿವಾರ. ಸಾಮುಲಿಗೆ ಹತ್ತೊಂಬತ್ತು. ಸೈಕಲ್ಲಿಗೆ ಟೈರು ಹಾಕಿಸಿ ತರುತ್ತೇನೆಂದು ಬೆಳಿಗ್ಗೆ ಮನೆ ಬಿಟ್ಟವನು ತುರ್ಕುವಿನ ಬಸ್ ಹತ್ತಿದ. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಸಿಕ್ಕಿತು. ಮನೆಗೆ ಫೋನ್ ಮಾಡಿದ್ದು ಆಗಸ್ಟಿನಲ್ಲಿ. ಕೂಗಾಡುತ್ತಾಳೆ, ಅಳುತ್ತಾಳೆ ಎಂದು ಕಾದ. "ಊಟ ಮಾಡ್ತಿದೀಯಾ?" ಎಂದು ಕೇಳಿ, ಉತ್ತರಕ್ಕೆ "ಹೂಂ" ಎಂದು ಫೋನ್ ಇಟ್ಟಳು. ಅಂದೇ ಅವನು ತೀರ್ಮಾನಿಸಿದ: ಇವಳಿಗೆ ನಾನು ಇದ್ದರೂ ಒಂದೇ, ಹೋದರೂ ಒಂದೇ. ಆ ತೀರ್ಮಾನದ ಮೇಲೆ ಅವನು ನಾಲ್ಕು ವರ್ಷ ಬದುಕಿದ್ದ.

*

ಬಾಗಿಲು ತೆಗೆಯುವ ಮೊದಲೇ ಮೊರೆತ ಕೇಳಿಸಿತು. ಒಳಕೋಣೆ ಒಲೆಯ ಬಾಯಿಯಂತೆ ಬಿಸಿಯಾಗಿತ್ತು. ಪರದೆಯ ತುಂಬ ಬಿಳಿ ಕರಿ ಚುಕ್ಕಿ ಕುದಿಯುತ್ತಿತ್ತು, ಯಂತ್ರ ಅದನ್ನು ಚುಕ್ಕಿ ಚುಕ್ಕಿಯಾಗಿ ಎತ್ತಿಟ್ಟುಕೊಳ್ಳುತ್ತಿತ್ತು. ಸಾಮುಲಿ ಪ್ಲಗ್ಗಿಗೆ ಕೈ ಹಾಕಿದ.

"ಕೀಳಬೇಡ್ವೋ ಕತ್ತೆ! ಬರೀತಿರೋವಾಗ ಕಿತ್ರೆ ಡಿಸ್ಕೇ ಕೆಟ್ಟು ಕೂತ್ಕೊಳ್ಳುತ್ತೆ!" ಉರ್ಪೊ ಅವನನ್ನು ತಳ್ಳಿ ಕೀಲಿಮಣೆಯ ಮುಂದೆ ಮಂಡಿಯೂರಿದ. ಕೈ ನಡುಗಿ ಒಂದು ಗುಂಡಿಗೆ ಎರಡು ಒತ್ತಿತು. "ಥೂ, ಈ ಬೆರಳು."

"ಸರಿ ಮಾಮ. ನೀನು ಹೇಳು, ನಾನು ಒತ್ತುತ್ತೀನಿ."

ಉರ್ಪೊ ಹೇಳಿದ. ಸಾಮುಲಿ ಒತ್ತಿದ. ಚುಕ್ಕಿ ನಿಂತಿತು. ಫ್ಯಾನ್ ಒಂದೊಂದೇ ಮೆಟ್ಟಿಲು ಇಳಿದಂತೆ ಇಳಿದು ಸುಮ್ಮನಾಯಿತು. ಮೂರು ವಾರದಲ್ಲಿ ಮೊದಲ ಸಲ ಸಾಮುಲಿಗೆ ಮನೆಯಲ್ಲಿ ಯಾರೂ ಇಲ್ಲವೆನ್ನಿಸಿತು.

ರೆಕಾರ್ಡಿಂಗುಗಳ ಸಾಲು ಪರದೆಗೆ ಬಂತು. ಎಲ್ಲಕ್ಕಿಂತ ಹಳೆಯದು ಮೇಲೆ. ಹೆಸರು: ಪರೀಕ್ಷೆ. ತಾರೀಕು: ಏಪ್ರಿಲ್ ಹನ್ನೆರಡು.

"ಇದೆ," ಉರ್ಪೊ ನೆಲದ ಮೇಲೇ ಕೂತುಬಿಟ್ಟ. "ಕತ್ತಿ ಕೆಳಗೆ ತಲೆ ಇಟ್ಕೊಂಡು ಕೂತಿತ್ತು. ಇನ್ನರ್ಧ ಗಂಟೆ ತಡೆದಿದ್ರೆ..."

ಸಾಮುಲಿ ತಾರೀಕನ್ನೇ ನೋಡುತ್ತಿದ್ದ. "ಇದು ಯಾವ ಹೊತ್ತಲ್ಲಿ ಮಾಡಿದ್ದು?"

"ಸಂಜೆ. ನಾಲ್ಕು, ನಾಲ್ಕೂವರೆ."

ಅವನು ಗುಂಡಿ ಒತ್ತಿದ.

ಅಡುಗೆಮನೆ. ಕುರ್ಚಿ. ನೀಲಿ ಸ್ವೆಟರಿನಲ್ಲಿ ಮೈಲಿಸ್, ಕೈಗಳನ್ನು ತೊಡೆಯ ಮೇಲಿಟ್ಟು, ಪಾಸ್‌ಪೋರ್ಟಿನ ಫೋಟೋಗೆ ಕೂತವಳಂತೆ. ಗಿರಣಿಯ ಮೇಜಿನ ಬಗ್ಗೆ ಶುರುಮಾಡಿದಳು. ತಪ್ಪು ಹುಡುಕೋದು ಸುಲಭ, ಕಷ್ಟ ಅಂದ್ರೆ ಒಳ್ಳೇ ಬಟ್ಟೆ ಸರಿದು ಹೋಗ್ತಿರುವಾಗ ಕಣ್ಣು ಮುಚ್ಚದೆ ಇರೋದು ಎಂದಳು. ಸಾಮುಲಿ ಶಾಲೆ ಬಿಟ್ಟ ದಿನ ಹೆಡ್‌ಮೇಡಂ ಫೋನ್ ಮಾಡಿ ಬೈದರಂತೆ. "ನನ್ನ ಮಗ ಓದೋಕೆ ದಡ್ಡ ಅಲ್ಲ, ಅವನಿಗೆ ಕೂರೋಕೆ ಆಗಲ್ಲ, ಅಷ್ಟೇ ಅಂದೆ. ಇದು ಅವನಿಗೆ ಗೊತ್ತಿಲ್ಲ."

ಹತ್ತು ನಿಮಿಷವಾಗುತ್ತಿದ್ದಂತೆ ಅವಳ ತುಟಿ ಮೊದಲು ಅಲ್ಲಾಡಿ ದನಿ ಆಮೇಲೆ ಬರತೊಡಗಿತು.

"ನಾನು ಹೇಳಿದ್ನಲ್ಲ," ಉರ್ಪೊ ಮೆಲ್ಲಗೆ ಹೇಳಿದ. ಗೆದ್ದವನ ದನಿಯಲ್ಲ ಅದು. "ಪ್ರೊಸೆಸರಿಗೆ ತಾಳೋಕಾಗದೆ ಅಲ್ಲಲ್ಲಿ ಚಿತ್ರ ಕೈಬಿಟ್ಟಿದೆ. ಬಿಟ್ಟ ಹಾಗೆಲ್ಲ ಚಿತ್ರ ಮುಂದೆ ಓಡುತ್ತೆ, ದನಿ ಹಿಂದೆ. ಆಮೇಲೆ ಅದನ್ನ ಅವಳು ಸರಿ ಮಾಡಿದ್ಲು. ಇದೊಂದನ್ನ ಮಾತ್ರ ಹಾಗೇ ಇಟ್ಟಿದ್ಲು."

"ಸುಮ್ನಿರು ಮಾಮ."

ಇಪ್ಪತ್ತನೆಯ ನಿಮಿಷಕ್ಕೆ ಅವಳು ತುಟಿ ಬಿಗಿಹಿಡಿದಾಗ ದನಿ ನಗುತ್ತಿತ್ತು. ಮೂವತ್ತಕ್ಕೆ ಯಾವ ಮಾತು ಯಾವ ಮುಖದ್ದೆಂದು ಹೊಂದಿಸುವುದೇ ಆಗಲಿಲ್ಲ. ಸಾಮುಲಿ ಕಣ್ಣು ಮುಚ್ಚಿ ಕೇಳಿದ, ಮತ್ತೆ ತೆರೆದು ನೋಡಿದ. ಎರಡನ್ನೂ ಒಟ್ಟಿಗೆ ಮಾಡಲಾಗಲಿಲ್ಲ.

ನಲವತ್ತನೆಯ ನಿಮಿಷದಲ್ಲಿ ಮೈಲಿಸ್ ಕಿಟಕಿಯ ಕಡೆ ನೋಡಿದಳು, ಏನೋ ಅಂದಳು, ಸ್ವೆಟರು ಕೆಳಗೆಳೆದುಕೊಂಡು ಎದ್ದಳು. ಚಿತ್ರದ ಚೌಕಟ್ಟು ದಾಟಿ ಹೋದಳು. ಖಾಲಿ ಕುರ್ಚಿ ಉಳಿಯಿತು. ಚಿತ್ರ ಅಲ್ಲಿಗೇ ಮುಗಿದು, ಆ ಕುರ್ಚಿ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು.

ದನಿ ಮಾತ್ರ ಇನ್ನೂ ಅಲ್ಲೇ ಕೂತಿತ್ತು.

"ಸಾಕು ಬಿಡು ಉರ್ಪೊ," ಎಂದಿತು ಖಾಲಿ ಕುರ್ಚಿ. "ಅಂಗಳದಲ್ಲಿ ಸೈಕಲ್ ಸದ್ದಾಯ್ತು. ಅವನೇ ಬಂದ ಅನ್ಸುತ್ತೆ."

ಕುರ್ಚಿ ಸರಿದ ಸದ್ದು. ಮರದ ನೆಲದ ಮೇಲೆ ಹೆಜ್ಜೆಗಳು, ಅವಳಿಗೆ ಯಾವತ್ತೂ ಇಲ್ಲದ ಅವಸರದ ಹೆಜ್ಜೆಗಳು. ಚಿಲಕ. ಬಾಗಿಲು ತೆರೆದುಕೊಂಡಿತು, ಹೊರಗಿನ ಗಾಳಿ ಒಳಗೆ ನುಗ್ಗಿ ಮೈಕಿನೊಳಗೆ ಭರ್ರೆಂದಿತು.

ಬಾಗಿಲು ಮುಚ್ಚಿದ ಸದ್ದು ಬರುವ ಮೊದಲೇ ರೆಕಾರ್ಡಿಂಗ್ ಮುಗಿಯಿತು.