ಒಳಗೆ ಬಂದು ನೋಡಿ

ತಮ್ಮನ ಕಡೆಯಿಂದ ಮತ್ತೆ ನಗು ಕೇಳಿಸಿದಾಗ ದೊಡ್ಡ ಮೇಸ್ತ್ರಿ ಒಂದು ಕಾರಿನ ಕೆಳಗೆ ಅಂಗಾತ ಮಲಗಿ, ತುಕ್ಕು ಹಿಡಿದ ಬೋಲ್ಟಿನ ಜತೆ ಗುದ್ದಾಡುತ್ತಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ತಮ್ಮನ ಎಣ್ಣೆ ಕುಡಿದ ಬೂಟು, ಯಾರದೋ ಕರಿ ಶೂ, ಇನ್ಯಾರದೋ ಹವಾಯಿ ಚಪ್ಪಲಿ. ನೋಡನೋಡುತ್ತಲೇ ಅವುಗಳ ಪಕ್ಕದಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಬಂದು ನಿಂತಿತು. ಪಾನಾ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು.

ಆ ಶೂ ಅವನಿಗೆ ಗೊತ್ತು. ಹನ್ನೆರಡು ವರ್ಷದಿಂದ ಕಾರಿನ ಕೀಲಿಯನ್ನು ಅವನ ಕೈಗೇ ಕೊಡುತ್ತಿದ್ದ ನರ್ಸಮ್ಮನದು.

ಅಪ್ಪ ಕಟ್ಟಿದ ಶೆಡ್ಡು ಅದು. ಅರ್ಧ ಅಣ್ಣನಿಗೆ, ಅರ್ಧ ತಮ್ಮನಿಗೆ. ಅಪ್ಪನ ಕಾಲದಲ್ಲಿ ಬಾಗಿಲಿಗೆ ಅಡ್ಡ ಒಂದು ಹಗ್ಗ ಇತ್ತು. ಗಿರಾಕಿ ಹಗ್ಗದ ಆಚೆ, ಬೆಂಚಿನ ಮೇಲೆ. “ಯಾರಾದ್ರೂ ನೋಡ್ತಾ ನಿಂತ್ರೆ ಕೈ ನಾಟಕ ಆಡೋಕೆ ಶುರು ಮಾಡುತ್ತೆ” ಎನ್ನುತ್ತಿದ್ದ ಅಪ್ಪ. ಅವನು ಹೋದ ಮರುವರ್ಷವೇ ಚಿಕ್ಕವನು ತನ್ನ ಪಾಲಿನ ಹಗ್ಗವನ್ನು ಬಿಚ್ಚಿ ಹಾಕಿದ.

“ಗಾಡಿ ಅವರದ್ದು ಅಣ್ಣಾ. ಹೊಟ್ಟೆ ಬಗೆದಿಟ್ಟು, ನೀವು ನೋಡಬೇಡಿ ಅಂದ್ರೆ, ಒಳಗೆ ಏನೋ ಕದೀತಿದಾರೆ ಅಂದ್ಕೋತಾರೆ.”

“ಡಾಕ್ಟ್ರು ಆಪರೇಷನ್ ಮಾಡುವಾಗ ನೆಂಟರನ್ನ ಪಕ್ಕದಲ್ಲಿ ನಿಲ್ಲಿಸ್ಕೋತಾರೇನೋ?”

“ಅದಕ್ಕೇ ಡಾಕ್ಟ್ರ ಮೇಲೂ ಜನಕ್ಕೆ ಅನುಮಾನ.”

ಮಾತಿನಲ್ಲಿ ಚಿಕ್ಕವನನ್ನು ಗೆಲ್ಲುವುದು ಯಾರಿಗೂ ಆಗದ ಕೆಲಸ. ಸವೆದ ಭಾಗವನ್ನು ಗಿರಾಕಿಯ ಅಂಗೈ ಮೇಲಿಟ್ಟು, “ಬೆರಳಾಡಿಸಿ ನೋಡಿ ಸಾರ್, ನಮ್ಮತ್ತೆ ಹಲ್ಲಿನ ಹಾಗಿದೆ” ಎನ್ನುತ್ತಿದ್ದ. ಹಳೆಯದನ್ನು ಕಾಗದದಲ್ಲಿ ಸುತ್ತಿ ಮನೆಗೂ ಕೊಟ್ಟು ಕಳಿಸುತ್ತಿದ್ದ. ಜನ ಕಬ್ಬಿಣದ ಚೂರನ್ನು ಬಹುಮಾನದಂತೆ ಹಿಡಿದುಕೊಂಡು ಹೋಗುತ್ತಿದ್ದರು. ಒಬ್ಬೊಬ್ಬರಾಗಿ ಅಣ್ಣನ ಬೆಂಚಿನಿಂದ ಎದ್ದು ಆ ಕಡೆ ಸರಿದಿದ್ದರು. ದೊಡ್ಡ ಮೇಸ್ತ್ರಿ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಹೋಗಲಿ ಬಿಡು, ನರ್ಸಮ್ಮ ಇದ್ದಾಳಲ್ಲ ಎಂದುಕೊಂಡಿದ್ದ.

ನರ್ಸಮ್ಮ ಪಾಳಿ ಮುಗಿಸಿ ಬರುತ್ತಿದ್ದಳು. ಕೀಲಿ ಕೊಟ್ಟು ಬೆಂಚಿನಲ್ಲಿ ಕೂತು, ಗೋಡೆಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದಳು. “ಮನೇಲಿ ಬರದ ನಿದ್ದೆ ನಿಮ್ಮ ಅಂಗಡೀಲಿ ಬರುತ್ತೆ ನೋಡಿ ಮೇಸ್ತ್ರಿ” ಎಂದು ಒಮ್ಮೆ ಅಂದಿದ್ದಳು. ಹೆಂಡತಿಗೂ ಹೇಳದೆ ಆ ಮಾತನ್ನು ಅವನು ಎದೆಯಲ್ಲಿ ಇಟ್ಟುಕೊಂಡಿದ್ದ. ಅಂಥವಳು ಈಗ ಕಣ್ಣರಳಿಸಿಕೊಂಡು ತಮ್ಮನ ಮಗ್ಗುಲಲ್ಲಿ ನಿಂತಿದ್ದಾಳೆ.

ಅವನು ಕಾರಿನ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದ.

“ಏನ್ ಸಿಸ್ಟರ್, ದಾರಿ ತಪ್ಪಿತಾ?”

“ಅಯ್ಯೋ ಇಲ್ಲ ಮೇಸ್ತ್ರಿ. ಬ್ರೇಕ್ ಒತ್ತಿದ್ರೆ ಕೀರಲು ಶಬ್ದ. ನೀವು ಕಾಣಲಿಲ್ಲ. ಇಲ್ಲಿ ನಿಂತು ನೋಡಬಹುದು ಅಂದ್ರು, ಅದಕ್ಕೆ…”

“ನನ್ನ ಹತ್ರಾನೂ ನೋಡಬಹುದು.” ಮಾತು ತಾನಾಗಿಯೇ ಹೊರಗೆ ಬಿದ್ದಿತ್ತು. “ಒಳಗೆ ಬನ್ನಿ. ಬನ್ನಿ, ಪಕ್ಕದಲ್ಲೇ ನಿಂತ್ಕೊಳ್ಳಿ.”

ಚಿಕ್ಕವನು ತಲೆ ಎತ್ತಿ ಅಣ್ಣನನ್ನು ನೋಡಿದ. ಹುಬ್ಬು ಹಾರಿಸಿದ, ಅಷ್ಟೆ. ಅಣ್ಣ ಅವನ ಕಡೆ ತಿರುಗಲಿಲ್ಲ. ತನ್ನ ಪಾಲಿನ ಹಗ್ಗವನ್ನು ಕೊಕ್ಕೆಯಿಂದ ತಪ್ಪಿಸಿ ನೆಲಕ್ಕೆ ಬಿಟ್ಟ.

ಅವಳ ಕಾರನ್ನು ತನ್ನ ಪಾಲಿಗೆ ತಂದು ಜಾಕ್ ಹಾಕಿದ, ಮುಂದಿನ ಚಕ್ರ ಬಿಚ್ಚಿದ. ನರ್ಸಮ್ಮ ಕೈಕಟ್ಟಿಕೊಂಡು ಬಗ್ಗಿ ನಿಂತಿದ್ದಳು. ಅವಳ ಉಸಿರು ಕತ್ತಿನ ಹಿಂದೆ ತಗುಲಿದಂತಾಗಿ ಅವನ ಕಿವಿ ಬಿಸಿಯಾಯಿತು. ಯಾವತ್ತೂ ಕೆಲಸದ ಹೊತ್ತಿನಲ್ಲಿ ಅವನು ತುಟಿ ಬಿಚ್ಚಿದವನಲ್ಲ. ಇವತ್ತು ಮಾತಾಡಿದ. “ಇದು ಬ್ರೇಕ್ ಪ್ಯಾಡು. ನೋಡಿ, ಬಿಸ್ಕತ್ತಿನಷ್ಟು ದಪ್ಪ ಇರಬೇಕಾದದ್ದು ರಟ್ಟಿನಷ್ಟಾಗಿದೆ.” ಅವಳು “ಅಬ್ಬಾ” ಅಂದಳು. ಆ ಒಂದು “ಅಬ್ಬಾ” ಅವನಿಗೆ ಊಟಕ್ಕಿಂತ ರುಚಿಯಾಯಿತು. ಆ ಕಡೆ ನಗು ನಿಂತಿದೆಯೋ ಇಲ್ಲವೋ ಎಂದು ಕಿವಿಗೊಟ್ಟ. ನಿಂತಿತ್ತು. ಇನ್ನಷ್ಟು ಗಟ್ಟಿಯಾಗಿ ಮಾತಾಡಿದ. ಬ್ರೇಕಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದ, ಹೊಸ ಪ್ಯಾಡು ಕೂರಿಸಿದ, ಆಚೆ ಚಕ್ರಕ್ಕೂ ಹಾಗೇ ಮಾಡಿದ. ನಟ್ಟು ಬಿಗಿದು ಜಾಕ್ ಇಳಿಸಿದ.

“ಹಳೇದು ನನಗೆ ಕೊಡ್ತೀರಾ?” ಎಂದಳು ನರ್ಸಮ್ಮ. “ನಿಮ್ಮ ತಮ್ಮ ಎಲ್ರಿಗೂ ಕೊಡ್ತಾರಂತೆ.”

“ಕೊಡದೆ ಏನು!”

ಅವನು ಓಡಿದ. ಕಪಾಟಿನಿಂದ ಒಳ್ಳೆಯ ಕಾಗದ ಹುಡುಕಿದ. ಪ್ಯಾಡುಗಳ ಮಸಿ ಒರೆಸಿ, ತಮ್ಮ ಸುತ್ತುವುದಕ್ಕಿಂತ ಅಚ್ಚುಕಟ್ಟಾಗಿ ಸುತ್ತಿ, ದಾರ ಕಟ್ಟಿ, ಕೀಲಿಯನ್ನೂ ಪೊಟ್ಟಣವನ್ನೂ ಒಟ್ಟಿಗೇ ಅವಳ ಕೈಗಿಟ್ಟ. “ಹೊರಡಿ ಸಿಸ್ಟರ್. ಈಗ ಬೆಣ್ಣೆ ಹಾಗೆ ನಿಲ್ಲುತ್ತೆ.”

ಶೆಡ್ಡಿನಿಂದ ರಸ್ತೆಗೆ ಇಳಿಜಾರು. ಕಾರು ಜಾರತೊಡಗಿತು. ಗೇಟಿನ ಹತ್ತಿರ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನರ್ಸಮ್ಮನ ಭುಜ ಮುಂದಕ್ಕೆ ಕುಸಿದದ್ದು ಹಿಂದಿನ ಗಾಜಿನಲ್ಲಿ ಕಂಡಿತು. ದೊಡ್ಡ ಮೇಸ್ತ್ರಿಗೆ ಎಲ್ಲ ಒಂದೇ ಸಲ ಹೊಳೆಯಿತು. ಹೊಸ ಪ್ಯಾಡು ಹಾಕಿದ ಮೇಲೆ ಸೀಟಿನಲ್ಲಿ ಕೂತು, ಪೆಡಲ್ಲು ಕಾಲಿಗೆ ಗಟ್ಟಿ ಸಿಗುವ ತನಕ ಒತ್ತಿ ಒತ್ತಿ ಬಿಡಬೇಕು; ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಹಿಡಿಯುವುದಿಲ್ಲ. ಮೂವತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

“ಹ್ಯಾಂಡ್‌ಬ್ರೇಕ್ ಎಳೀರಿ! ಹ್ಯಾಂಡ್‌ಬ್ರೇಕ್!” ಚಿಕ್ಕವನು ಕೂಗುತ್ತಾ ಓಡಿದ.

ಕರ್ರ್ ಎಂದು ಕಾರು ನಿಂತಿತು. ಮೂತಿ ರಸ್ತೆಯೊಳಗೆ ಒಂದು ಮೊಳ ಹೋಗಿತ್ತು. ಅದಕ್ಕೆ ತಾಗಿಯೇ ಒಂದು ಲಾರಿ ಹಾರ್ನ್ ಬಡಿಯುತ್ತಾ ದಾಟಿ ಹೋಯಿತು.

ನರ್ಸಮ್ಮ ಇಳಿದು ಬಾನೆಟ್ಟಿಗೆ ಕೈಯೂರಿ ನಿಂತಳು. ಚಿಕ್ಕವನು ಆಗಲೇ ಸಮಾಧಾನ ಮಾಡುತ್ತಿದ್ದ. “ಏನಿಲ್ಲ ಸಿಸ್ಟರ್, ಹೊಸ ಪ್ಯಾಡು ಮೊದಲ ಸಲ ಹೀಗೆ ಮಾಡೋದುಂಟು. ಅಣ್ಣ ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ನೀವು ಹೊರಟುಬಿಟ್ರಿ.”

ಆ ಕರುಣೆ ದೊಡ್ಡ ಮೇಸ್ತ್ರಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ತಮ್ಮ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ.

“ಹಾಗೇನೂ ಇಲ್ಲ” ಅಂದ. “ನಾನು ಮರೆತೆ. ಪೆಡಲ್ ಒತ್ತಿ ನೋಡಬೇಕಿತ್ತು, ನೋಡಲಿಲ್ಲ.”

“ಅಣ್ಣಾ, ಸುಮ್ನಿರೋ…”

“ಮರೆತೆ ಅಂದ್ನಲ್ಲ!”

ನರ್ಸಮ್ಮ ಅವನ ಮುಖವನ್ನೇ ನೋಡಿದಳು. “ನಾನು ರೆಪ್ಪೆ ಬಡಿಯದೆ ನೋಡ್ತಿದ್ದೆ ಮೇಸ್ತ್ರಿ” ಎಂದಳು ನಿಧಾನವಾಗಿ. “ನನಗೂ ಕಾಣಲಿಲ್ಲವಲ್ಲ.”

ಕೀಲಿ ಇನ್ನೂ ಅವಳ ಕೈಯಲ್ಲಿತ್ತು. ಅವಳು ಅದನ್ನು ಒಮ್ಮೆ ಮುಷ್ಟಿಯೊಳಗೆ ಹಿಡಿದಳು. ದೊಡ್ಡ ಮೇಸ್ತ್ರಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅರ್ಧ ಮುಂದೆ ಚಾಚಿದ್ದ. ಅವಳು ಕಣ್ಣು ತಗ್ಗಿಸಿ ಕೀಲಿಯನ್ನು ಚಿಕ್ಕವನ ಕಡೆ ನೀಡಿದಳು.

“ನೀವು ಒಂದ್ಸಲ ಎಲ್ಲಾ ಬಿಚ್ಚಿ ನೋಡಿಬಿಡಿ. ನಾಳೆಯಿಂದ ಮತ್ತೆ ರಾತ್ರಿ ಪಾಳಿ ನನಗೆ.” ಮತ್ತೆ ಅಣ್ಣನ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ” ಅಂದಳು.

“ಬೇಜಾರೆಂಥದ್ದು” ಎಂದ ಅವನು.

ಚಿಕ್ಕವನು ಕಾರನ್ನು ತನ್ನ ಪಾಲಿಗೆ ತಂದು ಚಕ್ರ ಬಿಚ್ಚಿ ಕೂತ. ಈ ಸಲ ನಗಿಸಲಿಲ್ಲ, ಅತ್ತೆಯ ಹಲ್ಲಿನ ಮಾತು ತೆಗೆಯಲಿಲ್ಲ. ದೊಡ್ಡ ಮೇಸ್ತ್ರಿ ತನ್ನ ಕೆಲಸಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ನರ್ಸಮ್ಮನ ಪಕ್ಕದಲ್ಲಿ ಬಂದು ನಿಂತ. ತಮ್ಮ ದುಡಿಯುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಎಲ್ಲಾದರೂ ತಪ್ಪಲಿ ಎಂದು ಕಣ್ಣು ನೆಟ್ಟು ಕಾದ. ಪಿನ್ನಿಗೆ ಗ್ರೀಸು ಹಚ್ಚುವುದು ಮರೆಯಲಿ. ನಟ್ಟು ಹಲ್ಲು ತಪ್ಪಿ ಓರೆಯಾಗಿ ಕೂರಲಿ. ಚಿಕ್ಕವನು ಗ್ರೀಸು ಹಚ್ಚಿದ. ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಿದ, ಒಂದು ಬಿಟ್ಟು ಒಂದು, ಎದುರುಬದುರು.

“ಸರಿ ಇದೆಯಾ ಅಣ್ಣಾ?” ತಲೆ ಎತ್ತದೆಯೇ ಕೇಳಿದ.

ನರ್ಸಮ್ಮ ಪಕ್ಕದಲ್ಲಿದ್ದ ದೊಡ್ಡ ಮೇಸ್ತ್ರಿಯ ಕಡೆ ಕಣ್ಣು ಹೊರಳಿಸಿದಳು. ಅವನ ಬಲಗೈ ತೊಡೆಯ ಹತ್ತಿರ ಜೋತುಬಿದ್ದಿತ್ತು. ಅದರಲ್ಲಿ ಏನೂ ಇರಲಿಲ್ಲ. ತಮ್ಮನ ಪಾನಾ ತಿರುಗಿದಾಗಲೆಲ್ಲ ಆ ಬರಿಗೈಯ ಮಣಿಕಟ್ಟು, ಬಿಗಿಯುವ ಕಡೆಗೆ, ಅಷ್ಟಷ್ಟೇ ತಿರುಗುತ್ತಿತ್ತು.