ವಿಶ್ರಾಮ್ ಹೇಳುವವರು ಯಾರು

ಬಸ್ಸಿನ ಸೀಟು ಹೊಲಿಯುವ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದರು. ದಪ್ಪ ರೆಕ್ಸಿನ್ನಿನೊಳಗೆ ಅವಳ ಸೂಜಿ ಎಷ್ಟು ಸಲೀಸಾಗಿ ಇಳಿಯುತ್ತಿತ್ತೋ, ಎದುರಿದ್ದವರೊಳಗೆ ಅವಳ ಮಾತೂ ಅಷ್ಟೇ ಸಲೀಸಾಗಿ ಇಳಿಯುತ್ತಿತ್ತು. ಅಂಥ ಬಾಯಿಯವಳು ಒಂದಿಡೀ ಬೆಳಗ್ಗೆ ತುಟಿ ಬಿಚ್ಚುವುದಿಲ್ಲ ಎಂದು ಹಟ ತೊಟ್ಟು ಕೂತಿದ್ದಳೆಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ.

ಹಟಕ್ಕೆ ಕಾರಣವಿತ್ತು. ಅವಳ ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗ ಮರೆವಿನ ಕಾಯಿಲೆ. ಕಾಲಲ್ಲಿ ತ್ರಾಣ ಚೂರುಪಾರು ಉಳಿದಿತ್ತು. ಯಾವಾಗ ಏಳಬೇಕು, ಎದ್ದಮೇಲೆ ಏನು ಮಾಡಬೇಕು, ಯಾವಾಗ ಕೂರಬೇಕು ಎಂಬುದು ಮಾತ್ರ ತಲೆಯಿಂದ ಅಳಿಸಿಹೋಗಿತ್ತು. ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಆರೈಕೆ ಕಚೇರಿಯವರು ಹಗಲು ಹೊತ್ತಿಗೆ ಒಬ್ಬ ಸಹಾಯಕಿಯನ್ನು ಕಳಿಸುತ್ತಿದ್ದರು. ಸಹಾಯಕಿ ಬಂದರೆ ದಬ್ಬಣ ಕೆಲಸಕ್ಕೆ ಹೋಗಬಹುದು. ಬಾರದಿದ್ದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆ. ವರ್ಕ್‌ಶಾಪಿನ ಯಜಮಾನ ಕೆಟ್ಟವನಲ್ಲ. ಆದರೆ ಸೀಟಿಲ್ಲದ ಬಸ್ಸುಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. "ಈ ತಿಂಗಳು ಹೇಗೋ ತಡ್ಕೋತೀನಿ. ಆಮೇಲೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಅವಳ ಮುಖ ನೋಡದೆ ಹೇಳಿಬಿಟ್ಟಿದ್ದ.

ಕಚೇರಿಯಿಂದ ಹಿಂದೊಮ್ಮೆ ಒಬ್ಬರು ಬಂದು ಅಪ್ಪನನ್ನು ನೋಡಿ ಹೋಗಿದ್ದರು. ಅವರು "ಎದ್ದು ನಿಲ್ಲಿ ಸರ್" ಎಂದದ್ದೇ ತಡ, ಅಪ್ಪ ಎದೆ ಸೆಟೆಸಿ ಎದ್ದು ನಿಂತರು. ಪಕ್ಕದಲ್ಲಿದ್ದ ದಬ್ಬಣ ಎಂದಿನಂತೆ ಹೇಳುತ್ತಾ ಹೋದಳು. "ಎಡಗಾಲು ಅಪ್ಪ. ಈಗ ಬಲಗಾಲು. ಬಾಗಿಲು ಬಂತು, ಹಿಂದೆ ತಿರುಗಿ. ಗುಂಡಿ ಹಾಕ್ಕೊಳ್ಳಿ, ಅದಲ್ಲ, ಮೇಲಿನದು. ವಿಶ್ರಾಮ್." ಡ್ರಿಲ್ಲಿನ ಆ ಕೊನೆಯ ಮಾತು ಕಿವಿಗೆ ಬಿದ್ದಮೇಲೇ ಅಪ್ಪ ಕೂತರು. ಬಂದವರಿಗೆ ಬಹಳ ಖುಷಿಯಾಯಿತು. ಮೇಷ್ಟ್ರು ಗಟ್ಟಿಯಾಗಿದ್ದಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು, ಸಹಾಯಕಿ ಬೇಡ ಎಂದು ಬರೆದು, ಕೈ ಮುಗಿದು ಹೊರಟುಹೋದರು.

ದಬ್ಬಣ ಆ ಕಚೇರಿಗೆ ಮನಸಾರೆ ಶಾಪ ಹಾಕಿದಳು. ಆಮೇಲೆ ಒಂದು ಬೆಳಗ್ಗೆ ಬಚ್ಚಲಲ್ಲಿ ಅಪ್ಪನಿಗೆ "ಮಗ್ಗು ಹಿಡ್ಕೊಳ್ಳಿ, ನೀರು ತುಂಬಿ, ಈಗ ಹೆಗಲ ಮೇಲೆ" ಎನ್ನುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು. ಪರೀಕ್ಷೆಯಲ್ಲಿ ಪಾಸಾದದ್ದು ಅಪ್ಪನಲ್ಲ, ತನ್ನ ಬಾಯಿ. ಹೇಳಿ ಹೇಳಿ ರೂಢಿಯಾದ ಮಾತು ಅವಳ ಕಿವಿಗೇ ಕೇಳದಂತಾಗಿತ್ತು, ಇನ್ನು ಬಂದವರಿಗೆ ಕೇಳುವುದೆಲ್ಲಿ? ಅವತ್ತೇ ಕಚೇರಿಗೆ ಹೋಗಿ ಕಿಟಕಿಯ ಮುಂದೆ ಜಪ್ಪಯ್ಯ ಅಂದರೂ ಕದಲದೆ ನಿಂತಳು. "ಇನ್ನೊಂದ್ಸಲ ಬಂದು ನೋಡಿ. ಇಲ್ಲ ಅಂದ್ರೆ ನಾಳೆ ಅಪ್ಪನ್ನ ಕರ್ಕೊಂಡ್ಬಂದು ನಿಮ್ಮ ಪಕ್ಕದ ಕುರ್ಚೀಲೇ ಕೂರಿಸಿ ಹೋಗ್ತೀನಿ" ಎಂದಳು. ಅವರು ಒಪ್ಪಿಕೊಂಡರು.

ಹಾಗೆ ನಿಗದಿಯಾದ ದಿನವೇ ಇದು. ಸುದ್ದಿ ತಿಳಿದು ಅಣ್ಣನೂ ಬಂದಿದ್ದ. ಇದೇ ಊರಿನ ಆಚೆ ತುದಿಯಲ್ಲಿದ್ದು, ಅಪರೂಪಕ್ಕೆ ಒಂದು ಚೀಲ ಹಣ್ಣು, ಎರಡು ಚೀಲ ಉಪದೇಶ ಹೊತ್ತು ಬರುವ ಅಣ್ಣ ಅವನು. ಬಂದವನೇ ನೆಲ ಒರೆಸಿದ, ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಡಚಿ ಮಂಚದಡಿ ತಳ್ಳಿದ, ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ.

"ಆ ಹಾಳೆ ಇದ್ದಲ್ಲೇ ಇರ್ಲಿ ಅಣ್ಣ."

"ಹೊರಗಿನೋರು ಬರ್ತಾರೆ ಕಣೆ. ಅಪ್ಪನ ಮಾನ ಅನ್ನೋದು ಒಂದಿದೆಯಲ್ಲ?"

"ದಿನಾ ಅದನ್ನ ತೊಳೆಯೋಳು ನಾನು. ಅದ್ರಲ್ಲಿ ಮಾನ ಹೋಗೋವಂಥದ್ದು ಏನೂ ನನಗೆ ಸಿಕ್ಕಿಲ್ಲ" ಎಂದು ಹಾಳೆಯನ್ನು ಎಳೆದು ಮತ್ತೆ ಹಾಸಿದಳು. ಬಳಿಕ ಮೂಲೆಯ ಸ್ಟೂಲಿನಲ್ಲಿ ಕೂತು, ವರ್ಕ್‌ಶಾಪಿನಿಂದ ತಂದಿದ್ದ ಸೀಟು ಕವರನ್ನು ತೊಡೆಯ ಮೇಲೆ ಹರಡಿಕೊಂಡು, ಮೇಣದ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಬಾಯಿಗೆ ಬೀಗ ಬೇಕಾಗಿತ್ತು, ದಾರ ಸಿಕ್ಕಿತು.

ಈ ಸಲ ಬಂದದ್ದು ಒಬ್ಬ ಮೇಡಂ. ಸೌಮ್ಯ ಮುಖ, ಅವಸರದ ಕಣ್ಣು. ಅಪ್ಪ ಬಸ್ಸಿನ ರೆಕ್ಸಿನ್ ಹೊದಿಸಿದ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಅದನ್ನು ಹೊದಿಸಿದವಳೂ ದಬ್ಬಣವೇ.

"ನಮಸ್ಕಾರ ಮೇಷ್ಟ್ರೇ. ಎಲ್ಲಿ, ಒಂಚೂರು ಎದ್ದು ನಿಲ್ಲಿ ನೋಡೋಣ."

ಅಪ್ಪ ಎದ್ದರು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಕೈಗಳು ತೊಡೆಯ ಪಕ್ಕ. ಅಣ್ಣನ ಮುಖ ಹಿರಿಹಿರಿ ಹಿಗ್ಗಿತು. ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿ ಏನೋ ಗೀಚಿಕೊಂಡು, ಬಾಗಿಲತನಕ ನಡೆಯಲು ಹೇಳಿದರು. ಅಪ್ಪ ಕದಲಲಿಲ್ಲ. ಎಡ ಬಲ ಹೇಳುವವರಿಲ್ಲದೆ ಆ ಕಾಲುಗಳಿಗೆ ದಾರಿ ತಿಳಿಯುತ್ತಿರಲಿಲ್ಲ.

"ಹೋಗ್ಲಿ ಬಿಡಿ, ಕೂತ್ಕೊಳ್ಳಿ" ಎಂದರು ಮೇಡಂ. ಅಪ್ಪ ಕೂರಲಿಲ್ಲ.

"ಅಪ್ಪ, ಕೂತ್ಕೊಳ್ಳಿ" ಎಂದ ಅಣ್ಣ. ಆಗಲೂ ಕೂರಲಿಲ್ಲ. ಅಣ್ಣ ತಂಗಿಯತ್ತ ತಿರುಗಿ, "ನೀನೇನೋ ಹೇಳ್ತೀಯಲ್ಲ, ಹೇಳು" ಎಂದ. ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದರೆ ಇಷ್ಟು ದಿನ ಇಲ್ಲಿರಬೇಕಿತ್ತು.

ದಬ್ಬಣ ತಲೆ ಅಲ್ಲಾಡಿಸಿದಳು. ಹಲ್ಲಿನ ನಡುವೆ ದಾರ ಬಿಗಿಯಿತು. ಅಪ್ಪನ ಮೊಣಕಾಲು ನಡುಗತೊಡಗಿದ್ದನ್ನು ಎಲ್ಲರಿಗಿಂತ ಮೊದಲು ಕಂಡವಳು ಅವಳೇ. ಒಂದು ಮಾತು, ಒಂದೇ ಮಾತು ಸಾಕಿತ್ತು. ಹೆತ್ತ ಅಪ್ಪನನ್ನು ಹೀಗೆ ನಿಲ್ಲಿಸಿ ನೋಡುತ್ತಿರುವ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು. ಹೀಗೆ ನಿಲ್ಲಿಸದೆ ನಂಬದ ಕಚೇರಿಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈಗ ಬಾಯಿ ಬಿಟ್ಟರೆ ಅಪ್ಪ ಕೂರುತ್ತಾರೆ, ಮೇಡಂ ಹೋಗುತ್ತಾರೆ, ಮತ್ತೆ ಅದೇ ಕಥೆ. ಅವಳು ಬಿಡಲಿಲ್ಲ.

ನಡುಕ ತೊಡೆಗೆ ಏರಿತು. ಅಪ್ಪ ವಾಲಿದರು. ಮೇಡಂ ಕೈಯಲ್ಲಿದ್ದುದನ್ನು ನೆಲಕ್ಕೆ ಹಾಕಿ ಓಡಿಬಂದು ಅವರನ್ನು ತೋಳಿನಡಿ ಹಿಡಿದುಕೊಂಡರು. ಆಗಲೇ ಅಪ್ಪನ ಇಸ್ತ್ರಿ ಮಾಡಿದ ಪ್ಯಾಂಟು ಒದ್ದೆಯಾಗಿ, ನೀರು ಹರಿದು ಮೇಡಂ ಚಪ್ಪಲಿಯ ತನಕ ಬಂತು. ಅಣ್ಣ ಮುಖ ಸಣ್ಣದು ಮಾಡಿಕೊಂಡು ಒರೆಸುವ ಬಟ್ಟೆಗೆ ಓಡಿದ.

ದಬ್ಬಣ ದಾರ ತೆಗೆದಳು. "ಒರೆಸ್ಬೇಡ ಅಣ್ಣ. ಮೇಡಂ ನೋಡ್ಲಿ."

"ಅಮ್ಮಾ, ನನ್ನ ಕೈ ಸೋಲ್ತಿದೆ. ಇವರಿಗೆ ಏನ್ ಹೇಳ್ಬೇಕು ಹೇಳಿ" ಎಂದರು ಮೇಡಂ.

"ಏನೂ ಹೇಳ್ಬೇಡಿ. ಬಿಟ್ಟು ಹೊರಡಿ. ತಮ್ಮ ಕೆಲಸ ತಾವೇ ಮಾಡ್ಕೋತಾರೆ ಅಂತ ನಿಮ್ಮೋರೇ ಬರೆದಿದ್ದಾರೆ. ನಾನೂ ಹೊರಡ್ತೀನಿ, ಅಣ್ಣನೂ ಹೊರಡ್ತಾನೆ. ಬಾಗಿಲು ಎಳ್ಕೊಂಡು ಎಲ್ಲಾರೂ ಒಟ್ಟಿಗೇ ಹೋಗೋಣ ಬನ್ನಿ."

ಮೇಡಂ ಬಿಡಲಿಲ್ಲ. ಅಪ್ಪನ ಭಾರಕ್ಕೆ ಅವರ ಮುಖ ಕೆಂಪಾಗಿತ್ತು.

"ಬಿಡೋಕಾಗಲ್ಲಮ್ಮ."

"ಅದನ್ನೇ ಬರೀರಿ" ಎಂದಳು ದಬ್ಬಣ. ಆಮೇಲೆ ಅಪ್ಪನ ಹತ್ತಿರ ಹೋಗಿ, ಬೆನ್ನಿಗೆ ಕೈ ಕೊಟ್ಟು, "ವಿಶ್ರಾಮ್" ಎಂದಳು. ಅಪ್ಪ ಮೆಲ್ಲಗೆ ಕುರ್ಚಿಗಿಳಿದು ಉಸಿರು ಬಿಟ್ಟರು. ಅವಳು ಅವರ ಕಾಲುಗಳನ್ನು ಉಜ್ಜುತ್ತಾ ಕೂತಳು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಮಾಚಲಿಲ್ಲ. ಮೇಡಂ ಅಲ್ಲೇ ನಿಂತು, ಒದ್ದೆ ಚಪ್ಪಲಿಯಲ್ಲೇ, ಬಹಳ ಹೊತ್ತು ಬರೆದರು.

ಮೇಡಂ ಹೋದಮೇಲೆ ಅಣ್ಣ ಕಿಡಿಕಿಡಿಯಾದ. "ನೂರಾರು ಹುಡುಗ್ರನ್ನ ಬೆರಳ ತುದೀಲಿ ಆಡಿಸಿದೋರು. ಯಾರೋ ಒಬ್ಬಳ ಮುಂದೆ ಅಪ್ಪನ ಮಾನ ಕಳೆದೆಯಲ್ಲೇ."

"ಅಪ್ಪನ ಮಾನ ಅಪ್ಪನ ಹತ್ರಾನೇ ಇದೆ. ನಿಲ್ಲಿ ಅಂದ್ರು, ಕಾಲು ಸೋತ್ರೂ ನಿಂತ್ರು. ನಿನ್ನ ಕೈಲಿ ಅಷ್ಟು ಹೊತ್ತು ಇಲ್ಲಿ ನಿಲ್ಲೋಕಾಗಿದ್ಯಾ ಯಾವತ್ತಾದ್ರೂ?" ಎಂದು ಒರೆಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು. "ಈಗ ಒರೆಸು."

ಅವನು ಒರೆಸಿದ. ಸರಿಯಾಗಿ ಒರೆಸಲು ಬರಲಿಲ್ಲ, ಆದರೂ ಒರೆಸಿದ.

ತಿಂಗಳು ಮುಗಿಯುವ ಮೊದಲೇ ಸಹಾಯಕಿ ಬಂದಳು. ದುಂಡು ಮುಖದ, ಮೆತ್ತಗೆ ಮಾತಾಡುವ ಹೆಂಗಸು. ದಬ್ಬಣ ಅವಳಿಗೆ ಎಡ, ಬಲ, ಮಗ್ಗು, ಗುಂಡಿ ಎಲ್ಲ ಕಲಿಸಿದಳು. ಕೆಲಸಕ್ಕೆ ಹೊರಟ ಮೊದಲ ಬೆಳಗ್ಗೆ ಗೇಟಿನವರೆಗೆ ಬಂದವಳ ಕಾಲು ಅಲ್ಲೇ ಅಂಟಿಕೊಂಡಿತು. ಒಳಗೆ ಅಪ್ಪ ಎದ್ದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. "ವಿಶ್ರಾಮ್" ಎಂದಳು ಸಹಾಯಕಿ, ಮಗುವಿಗೆ ಜೋಗುಳ ಹೇಳುವಂತೆ. ಅಪ್ಪ ನಿಂತೇ ಇದ್ದರು.

ದಬ್ಬಣದ ಬಾಯಿ ತೆರೆಯಿತು. ಅವಳು ಅದನ್ನು ಮುಚ್ಚಿದಳು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು, ಬೆನ್ನು ಸೆಟೆಸಿ, ಬೀದಿಯ ಕಡೆ ಮುಖ ಮಾಡಿ ನಿಂತಳು.

"ವಿಶ್ರಾಮ್!"

ಈ ಸಲ ಸಹಾಯಕಿಯ ಕೂಗು ಡ್ರಿಲ್ ಮೈದಾನದ ಕೂಗೇ. ಎದುರು ಮನೆಯ ಕಿಟಕಿಯೂ ತೆರೆದುಕೊಂಡಿತು. ಒಳಗೆ ರೆಕ್ಸಿನ್ ಕುರ್ಚಿ ಕಿರ್ರೆಂದಿತು. ಗೇಟಿನ ಬಳಿ, ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಅವಳ ಹೆಗಲುಗಳು ತಾವಾಗಿ ಕೆಳಗಿಳಿದವು. ಅವಳು ಹಿಂದೆ ತಿರುಗಿ ನೋಡದೆ ಎಡಗಾಲು ಮುಂದಿಟ್ಟಳು.